ಹೊಳೆ ಬಂದರೆ ದ್ವೀಪ

ನಮ್ಮಜ್ಜಿ ಹೊಳೆ ತುಂಬಿತು ಎನ್ನುತ್ತಿರಲಿಲ್ಲ, ಏರಿತು ಎಂದೂ ಹೇಳುತ್ತಿರಲಿಲ್ಲ. "ಹೊಳೆ ಬಂತು" ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಬರುವ, ಬಂದರೆ ನಾಲ್ಕು ತಿಂಗಳು ಜಾಗ ಬಿಟ್ಟು ಏಳದ ನೆಂಟರ ಸುದ್ದಿ ಹೇಳುವ ಹಾಗೆ. ಜೂನ್ ತಿಂಗಳ ಒಂದು ರಾತ್ರಿ ಹೊಳೆಯ ಸದ್ದು ಬದಲಾಗುತ್ತಿತ್ತು. ಅಲ್ಲಿಯ ತನಕ ಕಲ್ಲುಗಳ ನಡುವೆ ಗುಣುಗುಣು ಎನ್ನುತ್ತಿದ್ದ ನೀರು ಆ ರಾತ್ರಿ ಒಂದೇ ಸಮನೆ ಮೊರೆಯುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಕೆಂಪು ನೀರು, ಅದರಲ್ಲಿ ತೇಲುವ ಬಿದಿರು, ಎಲ್ಲಿಯದೋ ತೆಂಗಿನ ಮಡಲು, ಒಮ್ಮೊಮ್ಮೆ ಬುಡಸಮೇತ ಬಂದ ಮರ. ಅಷ್ಟಾದರೆ ಮುಗಿಯಿತು. ಅಂಗಡಿ, ಶಾಲೆ, ಬಸ್ಸು, ಪೋಸ್ಟು, ಡಾಕ್ಟರು ಎಲ್ಲ ಆಚೆ, ನಾವು ಈಚೆ. ಆಚೆಯವರಿಗೆ ನಾವೇ ಹೊಳೆಯಾಚೆಯವರು.

ನಮ್ಮ ಮನೆ ಸುಳ್ಯ ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಘಟ್ಟದ ಬುಡದಲ್ಲಿದೆ. ಬೇಸಿಗೆಯಲ್ಲಿ ಬಸ್ಸಿಳಿದು ಪಂಚೆ ಮೊಣಕಾಲಿಗೆ ಎತ್ತಿಕಟ್ಟಿ ಹೊಳೆ ದಾಟಿದರೆ ಮನೆಗೆ ಇಪ್ಪತ್ತು ನಿಮಿಷ. ಮಳೆಗಾಲದಲ್ಲಿ ಅದೇ ಮನೆಗೆ ಗುಡ್ಡ ಸುತ್ತಿ, ದೂರದ ಸೇತುವೆಯ ಮೇಲೆ ಬರಬೇಕಿತ್ತು. ಅರ್ಧ ದಿನ ಬೇಕು. ಅಪ್ಪ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಹಾಜರಿ ಪುಸ್ತಕದಲ್ಲಿ ಹೊಳೆಯಾಚೆಯ ಮಕ್ಕಳ ಹೆಸರಿನ ಮುಂದೆ ಜೂನ್, ಜುಲೈ ತಿಂಗಳಿಡೀ ಗೈರು. ರಜಾ ಅರ್ಜಿ ಕೇಳುವ ಪದ್ಧತಿಯೇ ಇರಲಿಲ್ಲವಂತೆ. ಹೊಳೆ ಬಂದದ್ದು ಮೇಷ್ಟ್ರಿಗೂ ಕಾಣುತ್ತಿತ್ತಲ್ಲ.

ಇದನ್ನೆಲ್ಲ ನಾನು ಚರಿತ್ರೆ ಎಂದು ಎಣಿಸಿಯೇ ಇರಲಿಲ್ಲ. ನನ್ನ ಪಿಎಚ್‌ಡಿ ಕೆಲಸ ಈ ಸೀಮೆಯ ಭೂಕಂದಾಯದ ಬಗ್ಗೆ. ಮಾಗಣೆ, ವರ್ಗ, ಕುಮ್ಕಿ, ತೀರ್ವೆ, ಇಂಥವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಎರಡು ವರ್ಷದ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ ನನ್ನ ಪ್ರಬಂಧಕ್ಕಿಂತ ಮೊದಲು ಜಮೈಕಾ ದ್ವೀಪದ ಒಂದು ಜಿಲ್ಲೆಯ ಕುರಿತ ಪ್ರಬಂಧವಿತ್ತು. ಅಲ್ಲಿ ಜಿಲ್ಲೆಗೆ ಪ್ಯಾರಿಷ್ ಎನ್ನುತ್ತಾರೆ. ಇಡೀ ದ್ವೀಪದಲ್ಲಿ ಅಂಥವು 14. ಈಶಾನ್ಯ ಮೂಲೆಯ ಪೋರ್ಟ್‌ಲ್ಯಾಂಡ್ ಎಂಬ ಪ್ಯಾರಿಷ್‌ನಲ್ಲಿ ಬ್ಲೂ ಮೌಂಟನ್ಸ್ ಎಂಬ ಬೆಟ್ಟಸಾಲಿದೆ, ದ್ವೀಪದಲ್ಲೇ ಅತಿ ಹೆಚ್ಚು ಮಳೆ ಬೀಳುವುದು ಅಲ್ಲಿ. ಬೆಟ್ಟದಿಂದ ಇಳಿದು ಬರುವ ರಿಯೊ ಗ್ರಾಂಡೆ ನದಿಯಲ್ಲಿ ಹಿಂದೆ ರೈತರು ಬಾಳೆಗೊನೆಗಳನ್ನು ಬಿದಿರಿನ ತೆಪ್ಪದ ಮೇಲೆ ಹೇರಿ ಪೋರ್ಟ್ ಆಂಟೋನಿಯೊ ಬಂದರಿಗೆ ಇಳಿಸುತ್ತಿದ್ದರು. ಅಲ್ಲಿಂದ ಹಡಗಿನಲ್ಲಿ ಅಮೆರಿಕಕ್ಕೆ. ಈಗ ಅದೇ ತೆಪ್ಪಗಳ ಮೇಲೆ ಪ್ರವಾಸಿಗರು ಕೂತು ತೇಲುತ್ತಾರಂತೆ. ಪರದೆಯ ಮೇಲಿನ ಚಿತ್ರ ನೋಡಿ ನನಗೆ ಒಂದು ಕ್ಷಣ ದಿಕ್ಕು ತಪ್ಪಿತು. ಹಸಿರು ಇಳಿಜಾರು, ಒಂದಕ್ಕೊಂದು ದೂರ ನಿಂತ ಮನೆಗಳು, ಬಾಳೆ, ತೆಂಗು, ಕೆಂಪು ನೀರು. ಇದು ಕಲ್ಮಕಾರು ಎಂದಿದ್ದರೂ ನಂಬುತ್ತಿದ್ದೆ.

ಆದರೆ ಒಂದು ವ್ಯತ್ಯಾಸ. ಅವರಿಗೆ ನದಿ ದಾರಿಯಾಗಿತ್ತು. ನಮಗೆ ಅದು ಗೋಡೆ. ಅವರ ಸುತ್ತ ಸಮುದ್ರ ವರ್ಷವಿಡೀ ಇರುತ್ತದೆ, ನಮ್ಮ ಸುತ್ತ ನೀರು ನಾಲ್ಕು ತಿಂಗಳು ಮಾತ್ರ. ಹಾಗಾಗಿ ಯಾರೂ ನಮ್ಮ ಊರುಗಳನ್ನು ದ್ವೀಪ ಎಂದು ನಕ್ಷೆಯಲ್ಲಿ ಗುರುತಿಸಲಿಲ್ಲ. ನಾನು ಓದುತ್ತಿದ್ದ ದಾಖಲೆಗಳಲ್ಲೂ ಅದು ಇರಲಿಲ್ಲ. ಯಾಕಿಲ್ಲ ಎಂದು ಅಂದಿನಿಂದ ಹುಡುಕುತ್ತ ಬಂದೆ.

ಮೊದಲು ನೆಲವನ್ನು ನೋಡೋಣ. ಪುತ್ತೂರು, ಸುಳ್ಯ, ಕಡಬ ಈಗ ಮೂರು ತಾಲ್ಲೂಕು. ಬ್ರಿಟಿಷರ ಕಾಲದಲ್ಲಿ ಇವೆಲ್ಲ ಉಪ್ಪಿನಂಗಡಿ ತಾಲ್ಲೂಕಿನೊಳಗೆ ಇದ್ದವು. ಹೆಸರು ಉಪ್ಪಿನಂಗಡಿಯದು, ಕಚೇರಿ ಮಾತ್ರ ಪುತ್ತೂರಿನಲ್ಲಿ. ಮುಂದೆ ಪುತ್ತೂರಿನಿಂದ ಸುಳ್ಯ ಬೇರೆಯಾಯಿತು, ಇತ್ತೀಚೆಗೆ ಎರಡರಿಂದಲೂ ಊರುಗಳನ್ನು ತೆಗೆದು ಕಡಬ ಮಾಡಿದರು. ಈ ಒಡೆತಕ್ಕೆ ರಾಜಕೀಯ ಕಾರಣಗಳು ಏನೇ ಇರಲಿ, ನೀರಿನ ಕಾರಣವೂ ಇದೆ. ಕುಮಾರಪರ್ವತದ ಕಡೆಯಿಂದ ಇಳಿಯುವ ಕುಮಾರಧಾರೆ ಸುಬ್ರಹ್ಮಣ್ಯವನ್ನು ದಾಟಿ, ಗುಂಡ್ಯ ಹೊಳೆಯನ್ನೂ ಸೇರಿಸಿಕೊಂಡು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ದಕ್ಷಿಣದಲ್ಲಿ ಪಯಸ್ವಿನಿ ಕೊಡಗಿನಿಂದ ಇಳಿದು ಸಂಪಾಜೆ, ಅರಂತೋಡು, ಸುಳ್ಯ, ಜಾಲ್ಸೂರು ದಾಟಿ ಕಾಸರಗೋಡಿಗೆ ಹೋಗಿ ಅಲ್ಲಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ಇವೆರಡು ದೊಡ್ಡವು. ಇವುಗಳಿಗೆ ಎರಡೂ ಬದಿಯಿಂದ ಬಂದು ಬೀಳುವ ಹೊಳೆ, ತೋಡುಗಳನ್ನು ಎಣಿಸಲು ಕೂತರೆ ಬೆರಳು ಸಾಲದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಎರಡು ತೋಡುಗಳ ನಡುವೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಬೈಲು, ಬೈಲಿನಲ್ಲಿ ಆರೇಳು ಮನೆ. ನಮ್ಮಲ್ಲಿ ಊರೆಂದರೆ ಇಷ್ಟೇ.

1894ರಲ್ಲಿ ಪ್ರಕಟವಾದ ಸ್ಟರಕ್‌ನ ದಕ್ಷಿಣ ಕೆನರಾ ಮ್ಯಾನ್ಯುಯಲ್ ತೆರೆದರೂ, ಈಗಿನ ಉಪಗ್ರಹ ಚಿತ್ರ ತೆರೆದರೂ ಕಾಣುವುದು ಒಂದೇ: ಬಯಲುಸೀಮೆಯಂತೆ ಮನೆಗೆ ಮನೆ ಅಂಟಿಕೊಂಡ ಹಳ್ಳಿಗಳು ಇಲ್ಲಿಲ್ಲ. ಪ್ರತಿ ಮನೆ ತನ್ನ ಗದ್ದೆ, ತೋಟದ ತಲೆಯಲ್ಲಿ ಒಂಟಿಯಾಗಿ ಕೂತಿದೆ. ಕಂದಾಯದ ಲೆಕ್ಕವೂ ಹಾಗೆಯೇ ಇತ್ತು, ಊರಿನ ಲೆಕ್ಕವಲ್ಲ, ವರ್ಗದ ಲೆಕ್ಕ. ಹಳೆಯ ವರ್ಗ ಭೂಮಿಯ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಗುಡ್ಡದಲ್ಲಿ ಸೊಪ್ಪು, ಕಟ್ಟಿಗೆ, ಮೇವು ತೆಗೆಯುವ ಹಕ್ಕಿಗೆ ಕುಮ್ಕಿ ಎಂದು ಹೆಸರು. ಕಾನೂನು ಓದುವವರಿಗೆ ಅದೊಂದು ಸವಲತ್ತು. ಹೊಳೆಯಾಚೆಯ ಮನೆಗೆ ಅದು ಬದುಕು: ನಾಲ್ಕು ತಿಂಗಳು ಹೊರಗಿನಿಂದ ಏನೂ ಬಾರದಿದ್ದರೆ ಒಲೆ ಉರಿಯಬೇಕಾದ್ದು, ಹಟ್ಟಿಯ ದನಕ್ಕೆ ಮೇವು, ತೋಟಕ್ಕೆ ಗೊಬ್ಬರ ಆಗಬೇಕಾದ್ದು ಆ 100 ಗಜದಿಂದಲೇ. ಕುಮ್ಕಿಯ ಬಗ್ಗೆ ಇಲ್ಲಿಯ ರೈತರು ಇವತ್ತಿಗೂ ಯಾಕೆ ಅಷ್ಟು ಗಟ್ಟಿಯಾಗಿ ಮಾತಾಡುತ್ತಾರೆ ಎಂದು ಪೇಟೆಯ ಗೆಳೆಯರು ಕೇಳುವುದುಂಟು. ಜುಲೈಯಲ್ಲಿ ಬಂದು ಒಂದು ವಾರ ಇರಿ ಎನ್ನುತ್ತೇನೆ.

ತುಳುನಾಡಿನ ಪಂಚಾಂಗದಲ್ಲಿ ಪತ್ತನಾಜೆ ಎಂಬ ದಿನವಿದೆ. ಬೇಸ ತಿಂಗಳ ಹತ್ತನೆಯ ದಿನ, ಮೇ 24-25ರ ಸುಮಾರಿಗೆ ಬರುತ್ತದೆ. ಅಂದಿಗೆ ಕೋಲ, ನೇಮ, ಜಾತ್ರೆ ಎಲ್ಲ ಮುಗಿಯಬೇಕು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಬೇಕು. ಭೂತಗಳು ಘಟ್ಟ ಹತ್ತುತ್ತವೆ ಎಂದು ಕೆಲವರು ಹೇಳುತ್ತಾರೆ. ಧಾರ್ಮಿಕ ಅರ್ಥ ಏನೇ ಇರಲಿ, ನನಗೆ ಇದು ಭೂಗೋಳದ ದಿನ. ಇನ್ನು ಜನ ಒಂದು ಕಡೆ ಸೇರಲಾರರು ಎಂದು ಊರೇ ಒಪ್ಪಿಕೊಂಡು ಹಾಕಿದ ಗೆರೆ. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆ ಏಪ್ರಿಲ್‌ನಲ್ಲಿ. ದೇವರು ಅವಭೃತಕ್ಕೆ ವೀರಮಂಗಲದ ಕುಮಾರಧಾರೆಗೆ ರಾತ್ರಿಯಿಡೀ ನಡೆದು ಹೋಗುತ್ತಾನೆ. ಜುಲೈಯಲ್ಲಿ ಆ ನೀರಿಗೆ ಇಳಿಯುವ ಧೈರ್ಯ ದೇವರಿಗೂ ಬರಲಿಕ್ಕಿಲ್ಲ. ಕುಕ್ಕೆಯ ಚಂಪಾಷಷ್ಠಿ ಬರುವುದು ಮಳೆ ಪೂರ್ತಿ ನಿಂತ ಮೇಲೆ. ಅದಕ್ಕೆ ಮೊದಲು ಮಲೆಕುಡಿಯರು ಕಾಡಿನಿಂದ ಬೆತ್ತ ತಂದು ರಥ ಕಟ್ಟುತ್ತಾರೆ. ನಡುವಿನ ತಿಂಗಳುಗಳಲ್ಲಿ ಹಬ್ಬವೆಂದರೆ ಮನೆಯೊಳಗಿನದು.

ಪತ್ತನಾಜೆಗೆ ಮೊದಲಿನ ಎರಡು ತಿಂಗಳು ಅಜ್ಜಿ ಕೂತದ್ದು ನನಗೆ ನೆನಪಿಲ್ಲ. ಹಲಸಿನ ಸೊಳೆ ಬಿಡಿಸಿ ಉಪ್ಪುನೀರಿನ ಭರಣಿಗೆ ಹಾಕಬೇಕು. ಮಾವಿನಕಾಯಿಯನ್ನೂ ಹಾಗೆಯೇ. ಹಲಸಿನ ಬೀಜ ಉಪ್ಪಿನಲ್ಲಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಕಲ್ಲಿನಂತಿರುತ್ತದೆ, ಬಾಯಲ್ಲಿಟ್ಟುಕೊಂಡರೆ ಒಂದು ಮಧ್ಯಾಹ್ನ ಕಳೆಯಬಹುದು. ಹಪ್ಪಳ, ಮಾಂಬಳ, ಒಣಮೀನು. ಕುಚ್ಚಲಕ್ಕಿ ಮುಡಿ ಕಟ್ಟಿ ಅಟ್ಟಕ್ಕೆ. ಕಟ್ಟಿಗೆ ಕೊಟ್ಟಿಗೆಯ ಮಾಡಿನ ತನಕ. ಬೆಲ್ಲ, ಉಪ್ಪು, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ ಲೆಕ್ಕ ಹಾಕಿ ತರಿಸಬೇಕು. ಉಪ್ಪು ಮುಗಿದರೆ ಹೊಳೆಯಾಚೆ ಸಾಲ ಕೇಳಲಾಗುವುದಿಲ್ಲ. ಉಪ್ಪಿನಂಗಡಿ ಎಂಬ ಊರಿನ ಹೆಸರಿನಲ್ಲಿಯೇ ಉಪ್ಪಿನ ಅಂಗಡಿ ಇರುವುದನ್ನು ಎಷ್ಟೋ ಸಲ ಓದಿದ್ದೆ. ಅದರ ತೂಕ ತಿಳಿದದ್ದು ಅಜ್ಜಿ ಉಪ್ಪಿನ ಮರಿಗೆಯನ್ನು ಬಟ್ಟೆ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಡುವುದನ್ನು ನೆನೆದಾಗ.

ಆಮೇಲೆ ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಆ ತಿಂಗಳಿಗೆ ಈಗ ಪೇಟೆಗಳಲ್ಲಿ ಉತ್ಸವ ಮಾಡುತ್ತಾರೆ. ಸಭಾಭವನದಲ್ಲಿ ಪತ್ರೊಡೆ, ತಜಂಕಿನ ಪಲ್ಯ, ಭಾಷಣ. ಮಾಡಲಿ, ತಪ್ಪಿಲ್ಲ. ಆದರೆ ಆ ತಿಂಡಿಗಳೆಲ್ಲ ಹಸಿವಿನ ತಿಂಡಿಗಳು. ಕಳೆದ ಬೆಳೆಯ ಅಕ್ಕಿ ಮುಗಿದು ಹೊಸದು ಬಾರದ ನಡುಗಾಲದಲ್ಲಿ ಬೇಲಿಯ ಬದಿಯ ಕೆಸು, ತಜಂಕು, ಕಣಿಲೆ ಕೊಯ್ದು ತಿಂದ ತಿಂಗಳು. ಆಟಿ ಅಮಾವಾಸ್ಯೆಗೆ ಬೆಳಗಾಗುವ ಮೊದಲು ಹಾಲೆಮರದ ತೊಗಟೆ ಕಲ್ಲಿನಲ್ಲಿ ಜಜ್ಜಿ ತಂದು ಕಷಾಯ ಕುಡಿಯುವುದು ಡಾಕ್ಟರು ಆಚೆ ದಡದಲ್ಲಿರುವವರು ಮಾಡುವ ಕೆಲಸ. ಆಟಿಯಲ್ಲಿ ಹೊಸ ಮದುಮಗಳು ತವರಿಗೆ ಹೋಗುತ್ತಾಳೆ. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ತವರು ಇರುತ್ತಿದ್ದದ್ದು ಅದೇ ದಡದಲ್ಲಿ. ಹೊಳೆ ದಾಟಿ ಹೆಣ್ಣು ಕೊಡುವುದಕ್ಕೆ ಹಿರಿಯರು ಎರಡು ಸಲ ಯೋಚಿಸುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದರು.

ಅವರೇ ಒಮ್ಮೆ ಮಾತ್ರ, ಅದೂ ನಾನು ಒತ್ತಾಯಿಸಿದ ಮೇಲೆ, ನಮ್ಮ ಸೋದರತ್ತೆಯ ಕಥೆ ಹೇಳಿದರು. ಆಟಿಯಲ್ಲಿ ಬಾಣಂತನಕ್ಕೆ ಬಂದಿದ್ದವರು. ನೋವು ಶುರುವಾಗಿ ಎರಡನೆಯ ದಿನ ಸೂಲಗಿತ್ತಿ ತನ್ನ ಕೈಯಲ್ಲಾಗದು ಎಂದಳು. ಗಂಡಸರು ಕಂಬಳಿಯನ್ನು ಬಿದಿರಿಗೆ ಕಟ್ಟಿ ಹೊತ್ತು ದಡದ ತನಕ ಹೋದರು. ಆಚೆ ದಡದಲ್ಲಿ ಜೀಪೂ ಬಂದು ನಿಂತಿತ್ತು. ಅದರ ದೀಪ ಕಾಣುತ್ತಿತ್ತು ಎಂದರು ಅಜ್ಜಿ. ಮತ್ತೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಂಥ ಸಂಗತಿಗಳು ಕಡತಗಳಲ್ಲಿ ಯಾಕಿಲ್ಲ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಬಹಳ ಸರಳ. ಬರೆಯುವವರು ಬರುತ್ತಿದ್ದದ್ದು ಬೇಸಿಗೆಯಲ್ಲಿ. ಫ್ರಾನ್ಸಿಸ್ ಬುಕನನ್ ಕಂಪನಿ ಸರ್ಕಾರಕ್ಕಾಗಿ ಈ ಕರಾವಳಿಯನ್ನು ನೋಡಿದ್ದು 1801ರ ಮೊದಲ ತಿಂಗಳುಗಳಲ್ಲಿ. ಮಂಗಳೂರು, ಬಂಟ್ವಾಳ ನೋಡಿ ಕಾರ್ಕಳದ ಕಡೆಗೆ ನಡೆದ. ಅಳತೆಯ ಸರಪಳಿ ಎಳೆಯುವವರಿಗೂ ಒಣನೆಲವೇ ಬೇಕು. ಸಾಹೇಬರ ಡೇರೆ ನಿಲ್ಲಬೇಕಾದರೂ ಮಳೆ ಬಿಡಬೇಕು. ಹೀಗೆ ನಮ್ಮ ಜಿಲ್ಲೆಯ ಲಿಖಿತ ಚರಿತ್ರೆಯೆಂದರೆ ಡಿಸೆಂಬರಿನಿಂದ ಮೇ ತನಕದ ಚರಿತ್ರೆ. ಉಳಿದ ಅರ್ಧ ವರ್ಷ ಯಾರೂ ನೋಡದೆ ಹೋಯಿತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ನಮ್ಮ ಸೀಮೆಯ ಅತಿ ಪ್ರಸಿದ್ಧ ಘಟನೆಯೂ ಬೇರೆ ಥರ ಕಾಣುತ್ತದೆ. ಅಮರ ಸುಳ್ಯ ಮಾಗಣೆ ಮತ್ತು ಅದರ ಪಕ್ಕದ ಬೆಳ್ಳಾರೆ, ಪಂಜದ ಕಡೆಯ ಊರುಗಳು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಾಗ ಘಟ್ಟದ ಕೆಳಗಿನ ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯ ತನಕ ತೆರಿಗೆಯನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದ ರೈತರು ಇನ್ನು ಮುಂದೆ ನಗದು ಕೊಡಬೇಕಾಯಿತು. ಪುಸ್ತಕದಲ್ಲಿ ಇದು ಒಂದು ಸಾಲು. ಹೊಳೆಯಾಚೆ ನಿಂತು ಯೋಚಿಸಿದರೆ ಅದು ಒಂದು ಸಾಲಲ್ಲ. ಬೆಳೆಯಾದರೆ ಮನೆಯಲ್ಲಿದೆ, ಅಳೆದು ಕೊಡಬಹುದು. ನಗದು ಬೇಕಾದರೆ ಭತ್ತ, ಅಡಿಕೆ, ಮೆಣಸು ಹೊತ್ತು ಹೊಳೆ ದಾಟಿ ಪೇಟೆಗೆ ಹೋಗಬೇಕು. ದಾಟಲಾಗುವುದು ವರ್ಷದ ಅರ್ಧ ಭಾಗ ಮಾತ್ರ. ಆ ಅರ್ಧದಲ್ಲಿ ಎಲ್ಲರೂ ಒಟ್ಟಿಗೆ ಮಾರಲು ಬರುತ್ತಾರೆ ಎಂದು ವ್ಯಾಪಾರಿಗೂ ಗೊತ್ತು. ದರ ಯಾರು ಹೇಳುತ್ತಾರೆಂದು ನಾನು ಬಿಡಿಸಿ ಹೇಳಬೇಕಿಲ್ಲ.

1837ರ ಮಾರ್ಚ್ 30ರಂದು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ರೈತರು ಬೆಳ್ಳಾರೆಯ ಕಂಪನಿ ಖಜಾನೆಯನ್ನು ವಶಪಡಿಸಿಕೊಂಡರು. ಹಾಲೇರಿ ಅರಸುಮನೆತನದ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ಹೊರಟ ದಂಡು ಏಪ್ರಿಲ್ 5ಕ್ಕೆ ಮಂಗಳೂರು ತಲುಪಿ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿತು. ಹದಿಮೂರು ದಿನದ ಆಳ್ವಿಕೆ ಎಂದು ಜನ ನೆನಪಿಡುವುದು ಇದನ್ನೇ. ದೇಶಪ್ರೇಮದ ಕಥೆಯಾಗಿ ಇದನ್ನು ಈಗ ಸಾಕಷ್ಟು ಹೇಳುತ್ತಿದ್ದೇವೆ, 2022ರಲ್ಲಿ ಮಂಗಳೂರಿನಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ಆಯಿತು. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ಎಷ್ಟೋ ಮೊದಲೇ ಇದನ್ನು ಕಾದಂಬರಿ ಮಾಡಿದ್ದರು. ನಾನು ಕೇಳುವುದು ಇಷ್ಟೇ: ಯಾಕೆ ಮಾರ್ಚ್ 30? ನನ್ನ ಊಹೆಯೆಂದರೆ, ಮಾರ್ಚ್ ಕೊನೆಗೆ ಈ ಸೀಮೆಯ ಯಾವ ಹೊಳೆಯನ್ನಾದರೂ ಸಾವಿರ ಜನ ಕಾಲ್ನಡಿಗೆಯಲ್ಲಿ ದಾಟಬಹುದು. ಕೊಯ್ಲು ಮುಗಿದಿರುತ್ತದೆ, ಕೈ ಖಾಲಿ ಇರುತ್ತದೆ, ಕಂದಾಯದವರ ಕಿರುಕುಳ ಹಸಿಯಾಗಿರುತ್ತದೆ. ಆರು ದಿನದಲ್ಲಿ ಬೆಳ್ಳಾರೆಯಿಂದ ಮಂಗಳೂರಿಗೆ ದಂಡು ನಡೆದು ತಲುಪಿದ್ದು ನದಿಗಳು ಬಿಟ್ಟುಕೊಟ್ಟದ್ದರಿಂದ. ಆದರೆ ಅದೇ ಏಪ್ರಿಲ್‌ನಲ್ಲಿ ಸಮುದ್ರವೂ ಶಾಂತವಾಗಿತ್ತು. ಕಂಪನಿಯ ಹೆಚ್ಚುವರಿ ಸೈನ್ಯ ಕಣ್ಣೂರಿನ ಕಡೆಯಿಂದ ಸಮುದ್ರದ ಮೂಲಕವೇ ಬಂತು. ಜೂನ್ ಆಗಿದ್ದರೆ ಹಡಗು ಬರುತ್ತಿರಲಿಲ್ಲ. ಜೂನ್ ಆಗಿದ್ದರೆ ದಂಡೂ ಹೊರಡುತ್ತಿರಲಿಲ್ಲ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಇನ್ನು ದಾಟುವ ಉಪಾಯಗಳು. ಎರಡು ಅಡಿಕೆ ಮರ ಕಡಿದು ತೋಡಿಗೆ ಅಡ್ಡ ಹಾಕಿ, ಹಿಡಿಯಲು ಒಂದು ಬಿದಿರು ಕಟ್ಟಿದರೆ ಅದು ಸಂಕ. ಸರ್ಕಾರಿ ಭಾಷೆಯಲ್ಲಿ ಕಾಲುಸಂಕ. ಪ್ರತಿ ಮೇ ತಿಂಗಳಲ್ಲಿ ಹೊಸತು ಹಾಕಬೇಕು, ಒಂದೆರಡು ಮಳೆಗೆ ಪಾಚಿ ಹಿಡಿಯುತ್ತದೆ. ದೊಡ್ಡ ಹೊಳೆಗೆ ಸಂಕ ಎಟುಕುವುದಿಲ್ಲ, ಅಲ್ಲಿ ಕಡವು, ಕಡವಿನಲ್ಲಿ ದೋಣಿ. ಕುಮಾರಧಾರೆಯ ಶಾಂತಿಮೊಗರಿನಲ್ಲಿ ಹೀಗೆ ದೋಣಿಯಲ್ಲೇ ದಾಟುತ್ತಿದ್ದರು. ನಮ್ಮ ಕಡವಿನ ದೋಣಿಯವರಿಗೆ ಮನೆಮನೆಯಿಂದ ವರ್ಷಕ್ಕಿಷ್ಟು ಎಂದು ಭತ್ತ ಹೋಗುತ್ತಿತ್ತು. ಹೊಳೆ ಜೋರಿದ್ದರೆ ಅವರೂ ದೋಣಿ ದಡಕ್ಕೆ ಎಳೆದು ಕಟ್ಟಿ ಬೀಡಿ ಸೇದುತ್ತ ಕೂರುತ್ತಿದ್ದರಂತೆ. ಕೂಗಿದರೂ ತಿರುಗಿ ನೋಡುತ್ತಿರಲಿಲ್ಲವಂತೆ. ಮೊದಲೆಲ್ಲ ಇದು ಸೊಕ್ಕು ಎಂದು ತಿಳಿದಿದ್ದೆ.

ರಸ್ತೆಗಳು ಬಂದಾಗ ಮುಳುಗು ಸೇತುವೆಗಳು ಬಂದವು. ಕಡಿಮೆ ಎತ್ತರದ, ಕಡಿಮೆ ಖರ್ಚಿನ ಸೇತುವೆಗಳು. ನೆರೆ ಬಂದರೆ ಮೇಲೆಯೇ ನೀರು ಹರಿದು ಹೋಗಲಿ ಎಂಬ ಲೆಕ್ಕ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ಗುಂಡ್ಯ ಹೊಳೆಗಿದ್ದ ಹೊಸ್ಮಠದ ಹಳೆಯ ಸೇತುವೆ ಇದರಲ್ಲಿ ಎಲ್ಲರಿಗೂ ಗೊತ್ತಿರುವುದು. ಹೊಸ್ಮಠ ಮುಳುಗಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ ನಮಗೆ ಮಳೆಗಾಲ ಅಧಿಕೃತವಾಗಿ ಶುರು. ಈಗ ಅಲ್ಲಿ ಎತ್ತರದ ಹೊಸ ಸೇತುವೆಯಿದೆ. ಪುತ್ತೂರಿನ ಚೆಲ್ಯಡ್ಕದ ಸೇತುವೆಯೂ ಹೀಗೆಯೇ ಮುಳುಗಿ ಹೆಸರು ಮಾಡಿದ್ದು. ಮುಳುಗು ಸೇತುವೆ ಎಂಬ ಪದದಲ್ಲೇ ಒಂದು ಆಡಳಿತದ ಮನೋಭಾವ ಇದೆ ಎಂದು ನನಗೆ ಅನ್ನಿಸುತ್ತದೆ: ಬೇಸಿಗೆಯ ಮನುಷ್ಯನಿಗೆ ಸೇತುವೆ ಕೊಟ್ಟಾಯಿತು, ಮಳೆಗಾಲದವನು ಕಾಯಲಿ.

1989ರಲ್ಲಿ ಸುಳ್ಯದ ಹತ್ತಿರದ ಅರಂಬೂರಿನಲ್ಲಿ ಪಯಸ್ವಿನಿಗೆ ಒಂದು ತೂಗುಸೇತುವೆ ಆಯಿತು. ಮಂಡ್ಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸುಳ್ಯದಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಗಿರೀಶ್ ಭಾರದ್ವಾಜರ ಬಳಿಗೆ ಊರವರು ಬಂದು ಹೊಳೆ ದಾಟಲು ಏನಾದರೂ ಮಾಡಿಕೊಡಿ ಎಂದರು. ಸೇತುವೆ ಕಟ್ಟುವುದು ಅವರು ಓದಿದ ವಿದ್ಯೆಯಲ್ಲ. ಊರವರೂ ಕೈಜೋಡಿಸಿ ಕೆಲಸ ಮಾಡಿದರು, ಸೇತುವೆ ನಿಂತಿತು. ಎರಡೂ ದಡದಲ್ಲಿ ಗೋಪುರ, ಅದರ ಮೇಲಿಂದ ಹಾದುಹೋಗುವ ಉಕ್ಕಿನ ಹಗ್ಗ, ಹಗ್ಗದ ತುದಿ ದಡದ ಆಳದಲ್ಲಿ ಕಾಂಕ್ರೀಟಿಗೆ ಬಿಗಿದಿರುತ್ತದೆ. ಹಗ್ಗದಿಂದ ಸರಳುಗಳು ಇಳಿದು ನಡೆಯುವ ಹಾಸನ್ನು ಹಿಡಿದಿರುತ್ತವೆ. ಮುಖ್ಯ ಸಂಗತಿಯೆಂದರೆ ನೀರಿನಲ್ಲಿ ಕಂಬವೇ ಇಲ್ಲ. ನಮ್ಮ ಹೊಳೆಗಳಲ್ಲಿ ಸೇತುವೆಯನ್ನು ಕೆಡಹುವುದು ಬರಿಯ ನೀರಲ್ಲ, ಅದರ ಜೊತೆ ತೇಲಿ ಬಂದು ಕಂಬಕ್ಕೆ ಅಡ್ಡ ನಿಲ್ಲುವ ಮರ. ಕಂಬವಿಲ್ಲದಿದ್ದರೆ ಮರ ತನ್ನಷ್ಟಕ್ಕೆ ಹೋಗುತ್ತದೆ. ಅಗಲ ಒಬ್ಬರು ಎದುರು ಬಂದರೆ ಇನ್ನೊಬ್ಬರು ಬದಿಗೆ ನಿಲ್ಲುವಷ್ಟು. ಖರ್ಚು ಮಾಮೂಲಿ ಸೇತುವೆಯ ಸಣ್ಣ ಪಾಲು. ಅಲ್ಲಿಂದ ಮುಂದೆ ಅವರು ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳಲ್ಲಿ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು; 2017ರಲ್ಲಿ ಪದ್ಮಶ್ರೀ ಬಂತು. ತೂಗುಸೇತುವೆ ಇದ್ದ ಊರಿನವರೆಂದರೆ ನಮ್ಮ ಶಾಲೆಯಲ್ಲಿ ಒಂದು ಗತ್ತು. ಮಧ್ಯಕ್ಕೆ ಬಂದಾಗ ಬೇಕೆಂದೇ ಕುಣಿದು ಅಲುಗಾಡಿಸಿ, ಹಿಂದೆ ಬರುವ ಹುಡುಗಿಯರಿಂದ ಬೈಗುಳ ತಿನ್ನುವುದು ಆ ಗತ್ತಿನ ಭಾಗ.

ನಮ್ಮ ಹೊಳೆಗೆ ಬಂದದ್ದು ತೂಗುಸೇತುವೆಯಲ್ಲ, ಕಿಂಡಿ ಅಣೆಕಟ್ಟು. ಹಿಂದೆ ಡಿಸೆಂಬರಿನಲ್ಲಿ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ತೋಟಕ್ಕೆ ನೀರು ಅದರಿಂದ. ಜೂನ್‌ನಲ್ಲಿ ಹೊಳೆಯೇ ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಈಗ ಕಾಂಕ್ರೀಟ್ ಕಂಬಗಳ ನಡುವೆ ಹಲಗೆ ಇಳಿಸುತ್ತಾರೆ, ಮೇಲೆ ಜೀಪು ಹೋಗುವಷ್ಟು ರಸ್ತೆ. ನೀರಿಗೂ ಆಯಿತು, ದಾರಿಗೂ ಆಯಿತು. ನಾನಾಗ ಆರನೇ ಕ್ಲಾಸು. ಆ ಮಳೆಗಾಲ ನಾನು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ, ಅದರ ಸಿಟ್ಟು ಈಗಲೂ ಸ್ವಲ್ಪ ಇದೆ.

ಸೇತುವೆ ಬಂದ ಮೇಲೆ ಎಲ್ಲ ಸರಿಯಾಯಿತು ಎಂದು ಬರೆಯುವಂತಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆ ಬಿಟ್ಟು ಮನೆಗೆ ಹೊರಟ ಮಗುವೊಂದು ಕಾಲುಸಂಕದಿಂದ ಜಾರಿ ಹೋಯಿತು. ಶಾಲಾ ಸಂಪರ್ಕ ಸೇತು ಎಂಬ ಯೋಜನೆಯೇ ಇದ್ದರೂ ಸಂಕಗಳು ಇನ್ನೂ ಉಳಿದಿವೆ. ಅದೇ ತಿಂಗಳ ಮೊದಲ ದಿನಗಳಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಳ್ಳತ್ತಡ್ಕ, ಸುಬ್ರಹ್ಮಣ್ಯದಲ್ಲಿ ಒಂದೇ ರಾತ್ರಿಯ ಮಳೆಗೆ ಗುಡ್ಡ ಕುಸಿದು, ಹೊಳೆ ಅಂಗಡಿ, ಮನೆಗಳಿಗೆ ನುಗ್ಗಿತು. ಅದಕ್ಕೂ ತುಸು ಮೊದಲು, ಜೂನ್ ಕೊನೆಗೆ ಸಂಪಾಜೆ, ಅರಂತೋಡು ಕಡೆ ನೆಲ ನಡುಗಿತ್ತು. 2018ರಲ್ಲಿ ಜೋಡುಪಾಲದಲ್ಲಿ ಘಟ್ಟವೇ ಜಾರಿದ್ದನ್ನು ಕಂಡವರು ಆ ರಾತ್ರಿಗಳಲ್ಲಿ ನಿದ್ದೆ ಮಾಡಿಲ್ಲ. ನೆರೆಯನ್ನು ಅರಿತಿದ್ದ ಜನ ಇವರು. ನೆಲವೇ ನಡೆದು ಬರುವುದು ಇವರಿಗೆ ಹೊಸತು.

ಇನ್ನೊಂದು ಸಂಗತಿ ಸದ್ದಿಲ್ಲದ್ದು. ಪುತ್ತೂರಿನಲ್ಲಿ ಬಹುಕಾಲ ಇದ್ದ ಶಿವರಾಮ ಕಾರಂತರ 'ಬೆಟ್ಟದ ಜೀವ' ಬಂದದ್ದು 1943ರಲ್ಲಿ. ಕುಮಾರಪರ್ವತದ ಕೆಳಗಿನ ಕಾಡಿನಲ್ಲಿ ತೋಟ ಮಾಡಿದ ಮುದುಕ ದಂಪತಿ, ಮನೆ ಬಿಟ್ಟು ಹೋದ ಮಗ. ಸೇತುವೆಗಳಿಗಿಂತ ಮೊದಲೇ ಮಕ್ಕಳು ಹೊರಟಿದ್ದರು ಎಂದಾಯಿತು. ಸೇತುವೆ ಅವರನ್ನು ಬೇಗ ದಾಟಿಸಿತು ಅಷ್ಟೆ. ಸಂಪಾಜೆ, ಅರಂತೋಡು, ತೊಡಿಕಾನ ಸುತ್ತ ಹಳದಿ ಎಲೆ ರೋಗಕ್ಕೆ ಅಡಿಕೆ ತೋಟಗಳು ಸೊರಗಿ ದಶಕಗಳೇ ಆದವು. ಔಷಧಿ ಸಿಕ್ಕಿಲ್ಲ. ಅದರ ಮೇಲೆ ಈಗ ಎಲೆಚುಕ್ಕಿ ರೋಗ. ನಮ್ಮ ಬೈಲಿನ ಏಳು ಮನೆಗಳಲ್ಲಿ ಐದರಲ್ಲಿ ಅರುವತ್ತು ದಾಟಿದವರಷ್ಟೇ ಇದ್ದಾರೆ. ಮದ್ದು ಬಿಡಲು ಮರ ಹತ್ತುವವರು ಸಿಗುವುದಿಲ್ಲ. ಸಿಕ್ಕಿದರೆ ಅವರು ಹೇಳಿದ ದಿನವೇ ಒಳ್ಳೆಯ ದಿನ. ತಮ್ಮ ಬೆಂಗಳೂರಿನಲ್ಲಿದ್ದಾನೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಶನಿವಾರ ಬೆಳಗ್ಗೆ ಯಾವ ಮಳೆಯಿದ್ದರೂ ಮನೆಯಂಗಳದಲ್ಲಿರುತ್ತಾನೆ, ಭಾನುವಾರ ಸಂಜೆ ಅಷ್ಟೇ ಸುಲಭವಾಗಿ ವಾಪಸು.

ಅಜ್ಜಿ ಅಣೆಕಟ್ಟಿನ ಮೇಲೆ ನಡೆದು ಪೇಟೆಗೆ ಹೋದದ್ದು ಎರಡೋ ಮೂರೋ ಸಲ. ಹೋದಾಗಲೆಲ್ಲ ನಡುವೆ ನಿಂತು ಕೆಳಗೆ ನೋಡುತ್ತಿದ್ದರು. ಸೇತುವೆ ಬಂದು ಹನ್ನೆರಡು ವರ್ಷವಾದರೂ ಪ್ರತಿ ಏಪ್ರಿಲ್‌ನಲ್ಲಿ ಅವರ ಕೆಲಸ ಶುರುವಾಗುತ್ತಿತ್ತು. ಅಂಗಡಿ ಹತ್ತು ನಿಮಿಷದ ದಾರಿ, ಉಪ್ಪು ಎಷ್ಟು ಬೇಕಾದರೂ ತರಬಹುದು ಎಂದು ಅಮ್ಮ ಹೇಳಿದರೆ, "ಹೌದು ಮಗಾ" ಎಂದು ಒಪ್ಪಿ ಮರಿಗೆ ತೊಳೆದು ಬಿಸಿಲಿಗೆ ಇಡುತ್ತಿದ್ದರು. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ, ಪತ್ತನಾಜೆಗೆ ನಾಲ್ಕು ದಿನ ಇರುವಾಗ ತೀರಿಕೊಂಡರು. ಹದಿಮೂರನೆಯ ದಿನದ ಅಡುಗೆಗೆ ಪಾತ್ರೆ ಇಳಿಸಲೆಂದು ಅಟ್ಟ ಹತ್ತಿದಾಗ ನೋಡಿದೆ. ಎರಡು ಭರಣಿ ಉಪ್ಪುಸೊಳೆ, ಒಂದು ಡಬ್ಬಿ ಸಾಂತಾಣಿ, ಬಟ್ಟೆ ಸುತ್ತಿದ ಉಪ್ಪಿನ ಮರಿಗೆ, ನಾಲ್ಕು ತಿಂಗಳಿಗೆ ಸರಿಯಾಗಿ ಲೆಕ್ಕ ಹಾಕಿದ ಬೆಂಕಿಪೆಟ್ಟಿಗೆ. ಆ ವರ್ಷದ ಹೊಳೆ ಇನ್ನೂ ಬಂದಿರಲಿಲ್ಲ.